ಒಳರಕ್ಷಣೆಯ ಕ್ಯಾರೆಟ್ಟು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರು. ಅವರು ಇದು ನಡೆದ ಕಾರ್ಯಾಗಾರದ ಕ್ಯಾಂಟೀನಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಸುಳ್ಳು ಹೇಳುವವರಲ್ಲ; ಸುಳ್ಳಿಗೆ ಬೇಕಾದಷ್ಟು ಕಲ್ಪನೆಯನ್ನು ಭಗವಂತ ಅವರಿಗೆ ಕೊಟ್ಟಿಲ್ಲ. ಆದ್ದರಿಂದ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

ಮನುಷ್ಯನಿಗೆ ಕಣ್ಣು ಎರಡು. ಅವೆರಡೂ ಆಡಳಿತದ ಸ್ವತ್ತಲ್ಲ. ಆದ್ದರಿಂದ ಅವುಗಳ ದುರಸ್ತಿಯೂ ಆಡಳಿತದ ಹೊಣೆಯಲ್ಲ ಎಂಬುದು ಆ ಕಾರ್ಯಾಗಾರದಲ್ಲಿ ಹಿಂದಿನಿಂದ ನಡೆದುಬಂದ ಮಾತು. ಅಲ್ಲಿ ನಗರದ ಉದ್ಯಾನಗಳಿಗೆ ಬೇಕಾದ ಕಬ್ಬಿಣದ ಬೆಂಚು, ಗೇಟು, ದೀಪದ ಕಂಬಗಳನ್ನು ತಯಾರಿಸುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ಕೂಡಿಸಬೇಕಾದರೆ ವೆಲ್ಡಿಂಗ್ ಮಾಡಬೇಕು, ವೆಲ್ಡಿಂಗ್ ಮಾಡಿದರೆ ಸೂರ್ಯನನ್ನು ನಾಚಿಸುವ ಬೆಳಕು ಏಳುತ್ತದೆ. ಆ ಬೆಳಕಿನಲ್ಲಿ ಅತಿನೇರಳೆ ಕಿರಣ ಎಂಬುದೊಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ವೆಲ್ಡಿಂಗ್ ಮಾಡುವವರು ಮುಖಕ್ಕೆ ಮುಖವಾಡ, ಮುಖವಾಡದ ಕಿಂಡಿಗೆ ಕಪ್ಪು ಗಾಜು ಹಾಕಿಕೊಳ್ಳುತ್ತಾರೆ.

ಅಲ್ಲಿನ ವೆಲ್ಡರುಗಳಲ್ಲಿ ಹಿರಿಯನನ್ನು ಎಲ್ಲರೂ ಕಿಡಿಯಣ್ಣ ಎನ್ನುತ್ತಿದ್ದರು. ಅಂಗಿಯ ತುಂಬ ಕಿಡಿ ಬಿದ್ದ ತೂತುಗಳಿದ್ದುದರಿಂದಲೋ, ಮಾತು ಮುಗಿಯುವ ಮುಂಚೆ ಸಿಡಿಯುತ್ತಿದ್ದುದರಿಂದಲೋ, ಹೆಸರು ಅಂಟಿಕೊಂಡಿತ್ತು. ಕೆಲಸದಲ್ಲಿ ಮಾತ್ರ ಸಮಾಧಾನಿ. ಅವನು ಎಳೆದ ಬೆಸುಗೆ, ತಾಯಿ ಮಗಳಿಗೆ ಹೆಣೆದ ಜಡೆಯ ಹಾಗೆ ಒಂದೇ ಸಮನಾಗಿ ಇಳಿಯುತ್ತಿತ್ತು. ಒಂದು ದಿನ ಮುಖವಾಡ ಕೈಜಾರಿ ಬಿದ್ದು ಗಾಜು ಬಿರುಕು ಬಿಟ್ಟಿತು, ಮೂಲೆಯ ಒಂದು ಚೂರೂ ಹಾರಿಹೋಯಿತು. ಅಂದಿನಿಂದ ಮನೆಗೆ ಬರುವ ಹೊತ್ತಿಗೆ ಕಣ್ಣಿಗೆ ಮರಳು ಎರಚಿದಂತೆ ಉರಿ, ನೀರು.

ಉರಿಯನ್ನಾದರೂ ಸಹಿಸಿಕೊಳ್ಳುತ್ತಿದ್ದ. ಆದರೆ ವರ್ಷಕ್ಕೊಮ್ಮೆಯ ಕಣ್ಣಿನ ಪರೀಕ್ಷೆ ಹತ್ತಿರ ಬಂದಿತ್ತು. ಅದರಲ್ಲಿ ಸೋತವರನ್ನು ವೆಲ್ಡಿಂಗ್‌ನಿಂದ ತೆಗೆದು ಗೇಟಿನ ಕಾವಲಿಗೆ ಹಾಕುತ್ತಿದ್ದರು. ಕಣ್ಣು ಕಾಣದವರನ್ನೇ ಕಾವಲಿಗೆ ಹಾಕುವುದು ಅಲ್ಲಿನ ಪದ್ಧತಿ. ಕಾಣುವವರನ್ನು ಹಾಕಿದರೆ ಏನೇನೋ ಕಾಣುತ್ತದೆ ಎಂಬುದು ಅದರ ಹಿಂದಿನ ವಿವೇಕ. ಕಿಡಿಯಣ್ಣನಿಗೆ ಕಾವಲು ಬೇಡವಾಗಿತ್ತು. ಬೆಸುಗೆ ಬಿಟ್ಟು ಬದುಕುವುದೆಂದರೆ ಅವನಿಗೆ ನೀರಿಲ್ಲದ ಕೆರೆಯಲ್ಲಿ ಈಜಿದ ಹಾಗೆ.

ಆಗ ಗೇಟಿನಲ್ಲಿದ್ದವನು ಹಿಂದೆ ವೆಲ್ಡರ್ ಆಗಿದ್ದ ಒಬ್ಬ ಮುದುಕ, ಎಲ್ಲರಿಗೂ ಗೇಟಜ್ಜ. ಅವನ ಕೆಲಸ ಇಷ್ಟೇ: ಒಳಗೆ ಬರುವ ಪ್ರತಿ ವಸ್ತುವನ್ನೂ ಪರಿಶೀಲಿಸಿ "ಸಾಮಗ್ರಿ!" ಎಂದೋ "ಊಟ!" ಎಂದೋ ಗಟ್ಟಿಯಾಗಿ ಕೂಗುವುದು. ಮೂರನೆಯ ಜಾತಿ ಇರಲಿಲ್ಲ. ಅವನು ಒಮ್ಮೆ ಕೂಗಿದ ಮೇಲೆ ಆ ವಸ್ತು ಒಳಗೆ ಇರುವಷ್ಟು ಕಾಲವೂ ಅದೇ. ಹಿಂದೊಮ್ಮೆ ಮುಖ್ಯಸ್ಥರಾದ ದೊಡ್ಡ ಸಾಹೇಬರ ಹೂದಾನಿಯನ್ನು "ಊಟ!" ಎಂದು ಕೂಗಿಬಿಟ್ಟದ್ದರಿಂದ ಅದು ಕ್ಯಾಂಟೀನಿನ ಕಪಾಟಿನಲ್ಲೇ ಉಳಿಯಿತು, ಸಾಹೇಬರು ಹೂವು ನೋಡಬೇಕಾದರೆ ಅಡುಗೆಮನೆಗೆ ಬರುತ್ತಿದ್ದರು.

ಕಿಡಿಯಣ್ಣ ಗಾಜು ಕೇಳಲು ಉಗ್ರಾಣಕ್ಕೆ ಹೋದ. ಉಗ್ರಾಣದ ಅಧಿಕಾರಿಗೆ ಕೆಲಸಗಾರರು ಇಟ್ಟ ಹೆಸರು ತನ್ನಿಸಾಹೇಬ. ಹಳೆಯದು ತಂದರೆ ಹೊಸದು, ಬೆಳಿಗ್ಗೆ ಕೊಟ್ಟದ್ದು ಸಂಜೆ ವಾಪಸ್ಸು: ಈ ಎರಡು ನಿಯಮಗಳ ಮೇಲೆ ಅವರ ಇಡೀ ಜೀವನ ನಿಂತಿತ್ತು.

"ಸಾರ್, ಗಾಜು ಬಿರುಕು ಬಿಟ್ಟಿದೆ. ಹೊಸದು ಕೊಡಿ."

"ಹಳೇದು ತನ್ನಿ."

"ಇದೇ ಸಾರ್ ಹಳೇದು."

ತನ್ನಿಸಾಹೇಬರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇಲ್ಲಿ ಮೂಲೇಲಿ ಒಂದು ಚೂರಿಲ್ಲ."

"ಒಡೆದು ಹಾರಿಹೋಯ್ತು ಸಾರ್."

"ಹಾಗಾದ್ರೆ ಇದು ಹಳೇದಲ್ಲ. ಹಳೇದರಲ್ಲಿ ಒಂದು ಭಾಗ. ಪೂರ್ತಿ ಹಳೇದು ತನ್ನಿ."

"ಆ ಚೂರನ್ನ ಈ ಕಬ್ಬಿಣದ ರಾಶೀಲಿ ಎಲ್ಲಿ ಅಂತ ಹುಡುಕ್ಲಿ?"

"ಕಣ್ಣಿಟ್ಟು ಹುಡುಕಿದ್ರೆ ಸಿಗತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲ ಎಂಬುದು ಆಮೇಲೆ ತಿಳಿಯಿತು: ಉಗ್ರಾಣದಲ್ಲಿ ಗಾಜೇ ಇರಲಿಲ್ಲ.

ಉಳಿದ ವೆಲ್ಡರುಗಳ ಗಾಜೂ ಗೀರು ಬಿದ್ದು ಹಾಳಾಗಿತ್ತು. ಎಲ್ಲರೂ ಕೂಡಿ ದೊಡ್ಡ ಸಾಹೇಬರ ಬಳಿಗೆ ಹೋದರು. ದೊಡ್ಡ ಸಾಹೇಬರು ಮರುಗಿದರು. ಮರುಗುವುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. "ನಿಮ್ಮ ಕಣ್ಣು ಬೇರೆ, ನನ್ನ ಕಣ್ಣು ಬೇರೆ ಅಲ್ಲ," ಎಂದು ಹೇಳಿ, ಗಾಜಿನ ಬೇಡಿಕೆಗೆ ಉತ್ತರವಾಗಿ ಒಂದು ಉಪನ್ಯಾಸ ಮಂಜೂರು ಮಾಡಿದರು.

ಉಪನ್ಯಾಸಕ್ಕೆ ಕಣ್ಣಿನ ಡಾಕ್ಟರಮ್ಮ ಬಂದರು. ದೊಡ್ಡ ಸಾಹೇಬರದೇ ಅಧ್ಯಕ್ಷತೆ. ಯಾವ ಸಭೆಯಲ್ಲೂ ಅರ್ಧಕ್ಕೆ ಎದ್ದು ಹೋಗುವುದು ಅವರ ವ್ರತ. ಪೂರ್ತಿ ಕೂತರೆ ಬೇರೆ ಕೆಲಸವಿಲ್ಲ ಎಂದು ಜನ ತಿಳಿದಾರು ಎಂಬ ಭಯ. ಅಧ್ಯಕ್ಷರು ಎದ್ದ ಕ್ಷಣಕ್ಕೆ ಸಭೆ ಮುಗಿಯಿತು, ಆಮೇಲೆ ಹೇಳಿದ್ದೆಲ್ಲ ಬರಿ ಹರಟೆ ಎಂಬ ನಿಯಮವೂ ಇತ್ತು.

ಡಾಕ್ಟರಮ್ಮ ಶುರುಮಾಡಿದರು: "ಸೊಪ್ಪು, ಕ್ಯಾರೆಟ್, ಬಣ್ಣಬಣ್ಣದ ಹಣ್ಣು ಇವುಗಳಲ್ಲಿ ಉತ್ಕರ್ಷಣ ನಿರೋಧಕ ಅನ್ನೋ ಅಂಶಗಳಿವೆ. ಆ್ಯಂಟಿಆಕ್ಸಿಡೆಂಟ್ ಅಂತಾರೆ. ಅತಿನೇರಳೆ ಕಿರಣದಿಂದ ಕಣ್ಣಿನ ಒಳಗೆ ಆಗೋ ಸವೆತಕ್ಕೆ ಇವು ಒಳಗಿನಿಂದ ಸ್ವಲ್ಪ ತಡೆಯಾಗಬಹುದು."

ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿ ಎದ್ದು ಹೋದರು.

"ಆದರೆ," ಎಂದರು ಡಾಕ್ಟರಮ್ಮ, ಖಾಲಿ ಕುರ್ಚಿಯ ಕಡೆ ನೋಡುತ್ತ, "ಇದು ಗಾಜಿಗೆ ಬದಲಲ್ಲ. ಕಪ್ಪು ಗಾಜಿಲ್ಲದೆ ಒಂದು ಕಿಡೀನೂ ನೋಡ್ಬೇಡಿ."

ಕೆಲಸಗಾರರೆಲ್ಲ ಇದನ್ನು ಗಮನವಿಟ್ಟು ಕೇಳಿದರು. ಹರಟೆ ಯಾವಾಗಲೂ ಸಭೆಗಿಂತ ಚೆನ್ನಾಗಿರುತ್ತದೆ.

ಮಾರನೆಯ ದಿನ ಗೋಡೆಗೆ ಪ್ರಕಟಣೆ ಅಂಟಿತು.

"ಕಾರ್ಮಿಕರ ಕಣ್ಣುಗಳನ್ನು ಈವರೆಗೆ ಹೊರಗಿನಿಂದ ಮಾತ್ರ ರಕ್ಷಿಸಲಾಗುತ್ತಿದ್ದು, ಸದರಿ ಅವೈಜ್ಞಾನಿಕ ಕ್ರಮವನ್ನು ಕೈಬಿಡಲಾಗಿದೆ. ಇನ್ನು ಮುಂದೆ ಕಣ್ಣುಗಳನ್ನು ಒಳಗಿನಿಂದ ರಕ್ಷಿಸಲಾಗುವುದು. ಒಂದೇ ಕಣ್ಣನ್ನು ಎರಡು ಕಡೆಯಿಂದ ರಕ್ಷಿಸುವುದು ದುಂದುವೆಚ್ಚವಾದ್ದರಿಂದ ಮುಖವಾಡದ ಗಾಜುಗಳನ್ನು ಕೂಡಲೇ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಅದರ ಬದಲಿಗೆ ತಲಾ ಒಂದು ಉತ್ಕರ್ಷಣ ನಿರೋಧಕವನ್ನು, ಅಂದರೆ ವಾಡಿಕೆಯಲ್ಲಿ ಕ್ಯಾರೆಟ್ಟನ್ನು, ವಿತರಿಸಲಾಗುವುದು. ಹೊರಗಿನಿಂದ ಬೇರೆ ರಕ್ಷಣಾ ಸಾಮಗ್ರಿ ತರುವುದು ಶಿಕ್ಷಾರ್ಹ."

ಕ್ಯಾರೆಟ್ಟು ಲಾರಿಯಲ್ಲಿ ಬಂತು. ಅದೇ ಲಾರಿಯಲ್ಲಿ ಕಬ್ಬಿಣದ ಸರಳುಗಳೂ ಬಂದಿದ್ದವು. ಗೇಟಜ್ಜ ಗೋಣಿಚೀಲದ ಮೇಲೆ ಕೈಯಾಡಿಸಿದ. ಉದ್ದಕ್ಕೆ, ಗಟ್ಟಿಯಾಗಿ, ತುದಿ ಚೂಪಾಗಿ ಸಿಕ್ಕಿತು.

"ಸಾಮಗ್ರಿ!" ಎಂದು ಕೂಗಿದ.

ಹೀಗೆ ಕ್ಯಾರೆಟ್ಟು ರಕ್ಷಣಾ ಸಾಮಗ್ರಿಯಾಯಿತು, ತನ್ನಿಸಾಹೇಬರ ಕೈಸೇರಿತು.

ಮೊದಲ ದಿನ ಕಿಡಿಯಣ್ಣ ತನ್ನ ಕ್ಯಾರೆಟ್ಟನ್ನು ಪಡೆದು, ನಲ್ಲಿಯಲ್ಲಿ ತೊಳೆದು, ಬೆಂಚಿನ ಮೇಲೆ ಕೂತು ತಿಂದ. ಚೆನ್ನಾಗಿತ್ತು. ಪಕ್ಕದ ಬೆಂಚಿನಲ್ಲಿ ಕೆಲಸಮಾಡುತ್ತಿದ್ದವನು ಅವನ ಹೆಂಡತಿಯ ತಮ್ಮ. ಅವನು ಕ್ಯಾರೆಟ್ಟನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಬಾಯಿ ಬಿಟ್ಟುಕೊಂಡು ನೋಡಿದ.

"ಭಾವ, ಏನ್ ಮಾಡ್ಬಿಟ್ರಿ?"

"ತಿಂದೆ."

"ಸಾಮಗ್ರೀನ?"

"ಒಳಗಿನಿಂದ ರಕ್ಷಣೆ ಅಂದ್ರಲ್ಲಪ್ಪ. ಒಳಗೆ ಹೋಗ್ದೆ ಹೇಗೆ ರಕ್ಷಿಸತ್ತೆ? ನಿನ್ನ ಜೇಬಲ್ಲಿ ಕೂತು ಶಿಳ್ಳೆ ಹೊಡೆಯತ್ತಾ?"

"ಅದೇನೋ ಗೊತ್ತಿಲ್ಲ ಭಾವ. ಸಂಜೆ ತನ್ನಿಸಾಹೇಬ್ರು ವಾಪಸ್ ಕೇಳ್ತಾರೆ."

ಸಂಜೆ ಕೇಳಿಯೇ ಕೇಳಿದರು. ಕಿಡಿಯಣ್ಣನ ಕೈಯಲ್ಲಿ ಉಳಿದಿದ್ದದ್ದು ಕ್ಯಾರೆಟ್ಟಿನ ಹಸಿರು ತೊಟ್ಟು ಮಾತ್ರ. ತನ್ನಿಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದು ಒಂದು ಭಾಗ. ಉಳಿದದ್ದು ತನ್ನಿ."

"ಉಳಿದದ್ದು ಹೊಟ್ಟೇಲಿದೆ ಸಾರ್."

"ಯಾವಾಗ ಬರತ್ತೆ?"

ಈ ಪ್ರಶ್ನೆಗೆ ಕಿಡಿಯಣ್ಣ ಕೊಟ್ಟ ಉತ್ತರವನ್ನು ಬೀಗರು ಹೇಳಿದರು, ನಾನು ಬರೆಯುವುದಿಲ್ಲ. ಆ ಉತ್ತರಕ್ಕಾಗಿಯೂ ಸಾಮಗ್ರಿ ನಾಶಕ್ಕಾಗಿಯೂ ಅವನ ಮೇಲೆ ವಿಚಾರಣೆ ನಡೆಯಿತು.

"ಯಾಕೆ ತಿಂದ್ರಿ?" ಎಂದು ಕೇಳಿದರು ದೊಡ್ಡ ಸಾಹೇಬರು, ನೊಂದ ದನಿಯಲ್ಲಿ.

"ಹಸಿವಾಗಿತ್ತು, ಕಣ್ಣೂ ಉರೀತಿತ್ತು ಸಾಹೇಬ್ರೆ."

"ನೋಡಿ, ನಿಮಗೆ ಹೆಲ್ಮೆಟ್ ಕೊಟ್ಟಿದೀವಿ. ಅದನ್ನ ತಿಂದ್ರಾ?"

"ಇಲ್ಲ."

"ಕೈಗವಸು ಕೊಟ್ಟಿದೀವಿ. ತಿಂದ್ರಾ?"

"ಇಲ್ಲ ಸಾಹೇಬ್ರೆ."

"ಮತ್ತೆ ಇದೊಂದರ ಮೇಲೆ ಯಾಕೆ ಕಣ್ಣು?"

ತೊಟ್ಟನ್ನು ಹಳೆಯದೆಂದು ಪರಿಗಣಿಸಿ, ಎಚ್ಚರಿಕೆಯೊಂದಿಗೆ ಇನ್ನೊಂದು ಕ್ಯಾರೆಟ್ಟು ಕೊಡಬೇಕೆಂದು ತೀರ್ಪಾಯಿತು. ಮುಂದೆ ಯಾರೂ ಹೀಗೆ ಎಡವಬಾರದೆಂದು ಹೊಸ ನಿಯಮ ಬಂತು: ಮುಖವಾಡದಲ್ಲಿ ಗಾಜಿದ್ದ ಜಾಗಕ್ಕೇ ಕ್ಯಾರೆಟ್ಟನ್ನು ದಾರದಿಂದ ಕಟ್ಟಿ ತೂಗುಬಿಡತಕ್ಕದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ದುಃಖಪಡುವುದುಂಟು. ಅಲ್ಲಿ ಅದು ಕಾರ್ಯವಿಧಾನವಾಯಿತು.

ಹೀಗೆ ಕೆಲಸ ಸಾಗಿತು. ಬೆಳಕು ಏಳುವಾಗ ಕೆಲಸಗಾರರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅಂದಾಜಿನ ಮೇಲೆ ಬೆಸುಗೆ ಎಳೆಯುತ್ತಿದ್ದರು. ಬೆಂಚುಗಳ ಒಂದು ಕಾಲು ಕೆಳಗೆ, ಒಂದು ಮೇಲೆ. ಕೂತವರು ಮೆಲ್ಲಗೆ ಜಾರಿ ನೆಲಕ್ಕೆ ಬರುತ್ತಿದ್ದರು. ಜನ ಬಹಳ ಹೊತ್ತು ಕೂತು ಬೆಂಚು ಸವೆಸುತ್ತಿಲ್ಲವೆಂದು ಉದ್ಯಾನದವರು ಮೆಚ್ಚುಗೆ ತಿಳಿಸಿದರು. ಬಾಡಿದ ಕ್ಯಾರೆಟ್ಟುಗಳನ್ನು ತನ್ನಿಸಾಹೇಬರು ಸಹಜ ಸವಕಳಿ ಎಂದು ಒಪ್ಪಿಕೊಂಡು, ಬೆಳಿಗ್ಗೆ ಅವನ್ನೇ ಮತ್ತೆ ಕೊಡುತ್ತಿದ್ದರು. ಬಾಡಿದ್ದರೂ ಸಾಮಗ್ರಿ ಸಾಮಗ್ರಿಯೇ.

ಕಿಡಿಯಣ್ಣ ಮಾತ್ರ ಕಣ್ಣು ಮುಚ್ಚಿ ಬೆಸುಗೆ ಎಳೆಯಲಾರ. ಜಡೆ ಸೊಟ್ಟಗಾದರೆ ಅವನಿಗೆ ಅನ್ನ ಇಳಿಯದು. ಕ್ಯಾರೆಟ್ಟಿನ ಬದಿಯಿಂದ ಇಣುಕಿ ಇಣುಕಿ ನೋಡುತ್ತಿದ್ದ. ಕಣ್ಣು ಕೆಂಡವಾಯಿತು. ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ಹೆಂಡತಿ ತಣ್ಣೀರಿನ ಬಟ್ಟೆಯನ್ನು ಅವನ ಕಣ್ಣಿಗೆ ಒತ್ತುತ್ತ ಕೇಳಿದಳು:

"ಏನ್ರೀ, ನಾನು ಉಟ್ಟಿರೋ ಸೀರೆ ಯಾವ ಬಣ್ಣ?"

"ಹಸಿರು."

"ನೀಲಿ."

"ಹತ್ರ ಹತ್ರ ಬಂದಿದೀನಲ್ಲ."

"ಗೇಟಿನ ಹತ್ರಕ್ಕೂ ಬಂದಿದೀರಿ. ನಾಳೆ ಅಲ್ಲಿ ಕೋಲು ಹಿಡ್ಕೊಂಡು ನಿಂತ್ಕೊಳ್ಳೋರು ನೀವೇ. ನಮ್ಮ ತಮ್ಮನೋ, ಅವ್ನು ಮೊದ್ಲಿಂದ್ಲೂ ಕಣ್ಣು ಮುಚ್ಕೊಂಡೇ ಕೆಲಸ ಮಾಡೋನು, ಅವ್ನಿಗೇನೂ ಆಗಲ್ಲ. ಪೇಟೇಲಿ ಒಂದು ಗಾಜು ತಂದು ಹಾಕ್ಕೊಳ್ಳಿ."

"ಹೊರಗಿನ ಸಾಮಗ್ರಿ ತಂದ್ರೆ ಶಿಕ್ಷೆ ಕಣೇ. ಗೇಟಲ್ಲೇ ಹಿಡೀತಾರೆ."

"ಊಟದ ಡಬ್ಬಿ ತಂದ್ರೆ?"

ಕಿಡಿಯಣ್ಣ ಬಟ್ಟೆ ಸರಿಸಿ ಹೆಂಡತಿಯ ಮುಖ ನೋಡಿದ. ಮುಖ ಸರಿಯಾಗಿ ಕಾಣಲಿಲ್ಲ, ಆದರೆ ವಿಚಾರ ಕಂಡಿತು.

ಮರುದಿನ ಅವಳು ಡಬ್ಬಿಯಲ್ಲಿ ಅನ್ನದ ಮೇಲೆ ಒಂದು ಹೊಸ ಕಪ್ಪು ಗಾಜನ್ನು ಮುಚ್ಚಳದಂತೆ ಇಟ್ಟು ಕಳಿಸಿದಳು. ಗೇಟಜ್ಜ ಡಬ್ಬಿ ತೆಗೆಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದ.

"ಏನಪ್ಪ ಇದು?"

"ಊಟ ಅಜ್ಜ."

"ಕಪ್ಪಗಿದೆ?"

"ತಳ ಹಿಡಿದು ಸೀದುಹೋಗಿದೆ."

ಗೇಟಜ್ಜ ಬೆರಳಿಂದ ಅದನ್ನು ಕಟಕಟ ಬಡಿದ. "ತುಂಬಾನೇ ಸೀದಿದೆ. ಪಾಪ, ಮನೇಲಿ ಜಗಳವೇನೋ." ಆಮೇಲೆ ಒಳಗಡೆಗೆ ತಿರುಗಿ ಕೂಗಿದ: "ಊಟ!"

ಆ ದಿನ ಕಿಡಿಯಣ್ಣ ಕ್ಯಾರೆಟ್ಟಿನ ಹಿಂದೆ ಗಾಜನ್ನು ಸಿಕ್ಕಿಸಿಕೊಂಡು ಮನಸಾರೆ ಕೆಲಸ ಮಾಡಿದ. ಬಹಳ ದಿನದ ಮೇಲೆ ಒಂದು ಗೇಟು ನೆಟ್ಟಗೆ ತಯಾರಾಯಿತು. ಅದೇ ಅವನಿಗೆ ಮುಳುವಾಯಿತು. ಸಾಲಿನಲ್ಲಿದ್ದ ಸೊಟ್ಟ ಗೇಟುಗಳ ನಡುವೆ ಅದೊಂದು ಸೆಟೆದು ನಿಂತದ್ದನ್ನು ಕಂಡು ದೊಡ್ಡ ಸಾಹೇಬರು ತನ್ನಿಸಾಹೇಬರನ್ನು ಕರೆದುಕೊಂಡು ನೇರ ಅವನ ಬಳಿಗೆ ಬಂದರು. ತನ್ನಿಸಾಹೇಬರು ಮುಖವಾಡ ಕಿತ್ತು ನೋಡಿದರು.

"ಗಾಜು! ಹೊರಗಿನ ರಕ್ಷಣಾ ಸಾಮಗ್ರಿ!"

ಕಿಡಿಯಣ್ಣ ಕೆಲಸ ಹೋಯಿತೆಂದೇ ಅಂದುಕೊಂಡ. ಆದರೆ ಬಾಯಿಂದ ಬಂದದ್ದು ಬೇರೆ. "ಸಾಮಗ್ರಿ ಅಲ್ಲ ಸಾಹೇಬ್ರೆ. ಊಟ. ಗೇಟಜ್ಜನ್ನ ಕೇಳಿ."

ಗೇಟಜ್ಜನನ್ನು ಕರೆಸಿದರು. ಅವನು ಗಾಜನ್ನು ಮೂಸಿ, ಬಡಿದು, ಎದೆ ತಟ್ಟಿಕೊಂಡು ಹೇಳಿದ: "ನಾನೇ ಕೂಗಿದ್ದು. ಊಟವೇ. ಸೀದಿರೋದು ನನ್ನ ತಪ್ಪಲ್ಲ."

ದೊಡ್ಡ ಸಾಹೇಬರು ಗಾಜನ್ನೊಮ್ಮೆ, ಗೇಟಜ್ಜನನ್ನೊಮ್ಮೆ ನೋಡಿದರು. ಗೇಟಿನ ಕೂಗು ಸುಳ್ಳೆಂದರೆ ಇಡೀ ಕಾರ್ಯಾಗಾರದಲ್ಲಿ ಯಾವುದು ಏನು ಎಂದು ಯಾರು ಹೇಳಬೇಕು? ಕೊನೆಗೆ ಅವರ ಮುಖ ಬೆಳಗಿತು.

"ಇದು ಊಟ."

"ಹೌದು ಸಾಹೇಬ್ರೆ."

"ಇದರಿಂದ ಕಣ್ಣಿಗೆ ರಕ್ಷಣೆ ಸಿಗತ್ತೆ."

"ಸಿಗತ್ತೆ ಸಾಹೇಬ್ರೆ."

"ಅತಿನೇರಳೆ ಕಿರಣದಿಂದ ಕಣ್ಣನ್ನ ರಕ್ಷಿಸೋ ಊಟಕ್ಕೆ ಏನಂತಾರೆ?" ಎಂದು ತನ್ನಿಸಾಹೇಬರ ಕಡೆ ತಿರುಗಿದರು.

ತನ್ನಿಸಾಹೇಬರು ಗೋಡೆಯ ಪ್ರಕಟಣೆಯತ್ತ ನೋಡಿ ಸಣ್ಣಗೆ ಹೇಳಿದರು: "ಉತ್ಕರ್ಷಣ ನಿರೋಧಕ."

"ಅಷ್ಟೇ. ಈ ಮನುಷ್ಯ ನಿಯಮ ಮುರಿದಿಲ್ಲ. ಉಳಿದವರಿಗಿಂತ ಚೆನ್ನಾಗಿ ಪಾಲಿಸಿದ್ದಾನೆ."

ಮರುದಿನ ಪ್ರಕಟಣೆ ಬಂತು. "ಕಪ್ಪು ಗಾಜು ಎಂಬ ಆಹಾರದಲ್ಲಿ ಉತ್ಕರ್ಷಣ ನಿರೋಧಕ ಗುಣವು ಹೇರಳವಾಗಿರುವುದು ಅನುಭವದಿಂದ ಸಾಬೀತಾಗಿರುವ ಕಾರಣ, ಸದರಿ ಆಹಾರವನ್ನು ಪೇಟೆಯಿಂದ ತರಿಸಿ ಕ್ಯಾಂಟೀನಿನ ಮೂಲಕ ಎಲ್ಲ ವೆಲ್ಡರುಗಳಿಗೂ ಬಡಿಸತಕ್ಕದ್ದು. ಆಹಾರವಾದ್ದರಿಂದ ಇದನ್ನು ಉಗ್ರಾಣಕ್ಕೆ ಹಿಂತಿರುಗಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಆದರೆ ತಟ್ಟೆಯಲ್ಲಿ ಬಿಟ್ಟು ಏಳುವಂತಿಲ್ಲ. ಬಿಟ್ಟೇಳುವುದು ಅನ್ನಕ್ಕೆ ಅವಮಾನವೆಂಬ ಮಾತು ಇದಕ್ಕೂ ಅನ್ವಯಿಸುತ್ತದೆ."

ಉದ್ಘಾಟನೆಯ ದಿನ ಕ್ಯಾಂಟೀನಿನಲ್ಲಿ ಸಾಲಾಗಿ ಬಾಳೆಎಲೆ ಹಾಕಿದಂತೆ ಹೊಳೆಯುವ ತಟ್ಟೆಗಳು, ತಟ್ಟೆಗೊಂದು ಕಪ್ಪು ಗಾಜು. ಬಡಿಸಿದವರು ನಮ್ಮ ಬೀಗರೇ. ಗಾಜು ಸಪ್ಪೆಯೆನಿಸಬಾರದೆಂದು ಪಕ್ಕದಲ್ಲಿ ಒಂದಿಷ್ಟು ಉಪ್ಪು ಇಟ್ಟಿದ್ದರಂತೆ. ಹೊಸ ಊಟವನ್ನು ಮೊದಲು ಮುಖ್ಯಸ್ಥರು ರುಚಿ ನೋಡಬೇಕೆಂದು ತನ್ನಿಸಾಹೇಬರು ಪ್ರಾರ್ಥಿಸಿದರು. ದೊಡ್ಡ ಸಾಹೇಬರು ತಟ್ಟೆಯನ್ನು ನೋಡಿದರು. ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು.

"ಇವತ್ತು ನನಗೆ ಉಪವಾಸ," ಎಂದರು.

ಉಪವಾಸದ ವಿಷಯದಲ್ಲಿ ಯಾರನ್ನೂ ಶಂಕಿಸಬಾರದು. ಅಂದಿನಿಂದ ಕ್ಯಾಂಟೀನಿನಲ್ಲಿ ಗಾಜು ಬಡಿಸಿದ ದಿನವೆಲ್ಲ ಅವರು ಉಪವಾಸವಿದ್ದರೆಂದು ಬೀಗರು ಹೇಳುತ್ತಾರೆ. ಸಾಹೇಬರಿಗೆ ಇಷ್ಟು ಭಕ್ತಿ ಇದ್ದದ್ದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

ಕೆಲಸಗಾರರು ಊಟ ಮುಗಿಸಿ, ಗಾಜನ್ನು ಅಂಗಿಯಲ್ಲಿ ಒರೆಸಿ ಜೇಬಿಗಿಟ್ಟು ಏಳುತ್ತಿದ್ದರು. ಬೀಗರು ಪ್ರತಿಯೊಬ್ಬರನ್ನೂ ನಿಲ್ಲಿಸಿ ಕೇಳಲೇಬೇಕಿತ್ತು.

"ತಿಂದ್ಯಾ?"

"ತಿಂದೆ."

"ಹೇಗಿತ್ತು?"

"ನಿನ್ನೆಗಿಂತ ಮೆತ್ತಗಿತ್ತು."

ಬೆಂಚುಗಳು ನೆಟ್ಟಗಾದವು. ಜನ ಹೊತ್ತುಗಟ್ಟಲೆ ಕೂರತೊಡಗಿದರೆಂದು ಉದ್ಯಾನದವರು ದೂರು ಕೊಟ್ಟರು. ಕ್ಯಾರೆಟ್ಟುಗಳು ಎಂದಿನಂತೆ ಬೆಳಿಗ್ಗೆ ಮುಖವಾಡಕ್ಕೆ ಏರಿ, ಸಂಜೆ ಉಗ್ರಾಣಕ್ಕೆ ಇಳಿಯುತ್ತಿದ್ದವು.

ಕೊನೆಗೆ ಪರೀಕ್ಷೆಯ ದಿನ ಬಂತು. ಅದೇ ಡಾಕ್ಟರಮ್ಮ. ಪಕ್ಕದಲ್ಲಿ ದೊಡ್ಡ ಸಾಹೇಬರು, ತನ್ನಿಸಾಹೇಬರು. ಕಿಡಿಯಣ್ಣ ಹೆಂಡತಿ ಒಗೆದುಕೊಟ್ಟ ಅಂಗಿ ತೊಟ್ಟು, ಮನಸ್ಸಿನಲ್ಲೇ ಕಂಡ ಕಂಡ ದೇವರಿಗೆಲ್ಲ ಕೈಮುಗಿದು ಕುರ್ಚಿಯ ಮೇಲೆ ಕೂತ. ಗೋಡೆಯ ಮೇಲಿನ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಕಟ್ಟಕಡೆಯ ಇರುವೆಯಂಥ ಸಾಲನ್ನೂ ಬಿಡಲಿಲ್ಲ. ಡಾಕ್ಟರಮ್ಮ ದೀಪ ಹಿಡಿದು ಕಣ್ಣಿನೊಳಗೆ ನೋಡಿದರು.

"ಉರಿ ಪೂರ್ತಿ ಇಳಿದಿದೆ. ಕೆಲಸ ಧಾರಾಳವಾಗಿ ಮಾಡಬಹುದು. ಏನ್ ಮಾಡಿದ್ರಿ?"

ಕಿಡಿಯಣ್ಣ ಸಾಹೇಬರ ಕಡೆ ನೋಡಿದ. ಸಾಹೇಬರು ಧೈರ್ಯವಾಗಿ ಹೇಳು ಎಂಬಂತೆ ತಲೆಯಾಡಿಸಿದರು.

"ಗಾಜು ತಿಂತಿದೀನಿ ಅಮ್ಮ."

ಡಾಕ್ಟರಮ್ಮ ಅವನನ್ನು ನೋಡಿದರು, ದೊಡ್ಡ ಸಾಹೇಬರನ್ನು ನೋಡಿದರು, ಬಾಗಿಲಿನ ಹೊರಗೆ ಸಾಲಾಗಿ ತೂಗುತ್ತಿದ್ದ ಮುಖವಾಡಗಳನ್ನೂ ಅವುಗಳ ಕ್ಯಾರೆಟ್ಟುಗಳನ್ನೂ ನೋಡಿದರು. ಆಮೇಲೆ ದೀಪ ಆರಿಸಿ ಕೇಳಿದರು:

"ಯಾವ ಹೊತ್ತಲ್ಲಿ ತಿಂತೀರಿ?"

"ಕಿಡಿ ಏಳೋ ಹೊತ್ತೆಲ್ಲ."

"ಒಳ್ಳೇದು. ಬಿಡಬೇಡಿ. ಆದ್ರೆ ಕಣ್ಣಿನ ಮುಂದೆ ಹಿಡ್ಕೊಂಡೇ ತಿನ್ನಿ. ಒಂದು ತುತ್ತೂ ಬಾಯಿಗೆ ಹಾಕ್ಕೋಬೇಡಿ."

"ಹಾಗೇ ಮಾಡ್ತಿದೀನಿ ಅಮ್ಮ."

"ಜೊತೆಗೆ ಕ್ಯಾರೆಟ್ ತಿಂದ್ರೂ ಒಳ್ಳೇದೇ."

"ಛೇ ಛೇ," ಎಂದ ಕಿಡಿಯಣ್ಣ, ಕೆನ್ನೆ ಮುಟ್ಟಿಕೊಂಡು. "ಅದು ಸಾಮಗ್ರಿ ಅಮ್ಮ, ತಿನ್ನೋದಲ್ಲ."

ತನ್ನಿಸಾಹೇಬರ ಕಣ್ಣು ತುಂಬಿ ಬಂತಂತೆ. ಕಿಡಿಯಣ್ಣ ಮುಖವಾಡ ಎತ್ತಿಕೊಂಡು ತನ್ನ ಬೆಂಚಿಗೆ ನಡೆದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಚರಚರ ಸದ್ದು, ಬಿಳಿಯ ಬೆಳಕು. ಹೊರಗೆ ಸರದಿಯಲ್ಲಿದ್ದವರೆಲ್ಲ ಮುಖ ತಿರುಗಿಸಿಕೊಂಡರು. ಅವನೊಬ್ಬ ಮಾತ್ರ ಕಣ್ಣು ತೆರೆದು, ನಿಧಾನವಾಗಿ, ಊಟ ಮಾಡುತ್ತಿದ್ದ.

ಇದನ್ನು ಓದಿದವರು ತಮ್ಮಲ್ಲೇ ಇಟ್ಟುಕೊಳ್ಳಬಾರದೆಂದು ನನ್ನ ಪ್ರಾರ್ಥನೆ. ಕಬ್ಬಿಣದ ಬೆಂಚಿನ ಮೇಲೆ ಯಾರ ಪಕ್ಕದಲ್ಲಾದರೂ ಕೂತಾಗ ಅವರಿಗೆ ಹೇಳಿ, ಅವರೂ ಇನ್ನೊಬ್ಬರಿಗೆ ಹೇಳಲಿ. ಹೇಳಿದವರನ್ನೂ ಕೇಳಿದವರನ್ನೂ ಅವರ ಎರಡೆರಡು ಕಣ್ಣುಗಳನ್ನೂ ಭಗವಂತ ಚೆನ್ನಾಗಿಟ್ಟಿರಲಿ.